ಸುಮ್ಮನಿದ್ದ ಕೈಗಳು

ಅವರ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಎರಡೇ ಸಲ. ಎರಡನೆಯದು ಹೋದ ತಿಂಗಳು, ಅನ್ನೂರಿನ ಅವರ ಮನೆಯ ಮುಂದೆ, ಶಾಮಿಯಾನದ ಕೆಳಗೆ. ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ, ಹೆಬ್ಬೆರಳುಗಳನ್ನು ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ಅದನ್ನು ನೋಡಿ ನನಗೆ ಅಳುವಿಗಿಂತ ಮೊದಲು ಬಂದದ್ದು ಕೋಪ. ಆ ಕೈಗಳನ್ನು ಇನ್ನೊಬ್ಬರು ಕಟ್ಟಬೇಕಾಗಿರಲಿಲ್ಲ. ಅವರೇ ಒಮ್ಮೆ ಅವನ್ನು ಕಟ್ಟಿಹಾಕಿಕೊಂಡು ಕೂತಿದ್ದರು, ನನ್ನ ಪಕ್ಕದಲ್ಲೇ. ಆ ಮೊದಲ ಸಲದ ವಿಷಯ ಅಲ್ಲಿ ಸೇರಿದ್ದ ಬಂಧುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಹೆಸರು ಹಾಕಿ ಹೊಗಳಿದರೆ ಎದ್ದು ಆಚೆ ಹೋಗುತ್ತಿದ್ದ ಮನುಷ್ಯ.

ನಮ್ಮದು ಕೊಯಮತ್ತೂರಿನ ಗಣಪತಿ ಅನ್ನುವ ಬಡಾವಣೆಯಲ್ಲಿ, ಪಂಪು ಮಾಡುವ ವರ್ಕ್‌ಶಾಪುಗಳ ನಡುವೆ ಸಿಕ್ಕಿಕೊಂಡಿರುವ ಒಂದು ಚಿಕ್ಕ ಕಂಪನಿ. ಪವರ್‌ಲೂಮ್ ಶೆಡ್ಡುಗಳಿಗೆ ಒಂದು ಡಬ್ಬಿ ಮಾಡಿ ಕೊಡುತ್ತೇವೆ. ಯಾವ ಮಗ್ಗ ಓಡುತ್ತಿದೆ, ಯಾವುದು ನಿಂತಿದೆ, ಎಷ್ಟು ನೇಯ್ದಿದೆ ಅನ್ನುವುದನ್ನು ಆ ಡಬ್ಬಿ ಶೆಡ್ಡಿನ ಆಫೀಸಿನ ಕಂಪ್ಯೂಟರಿಗೆ ಕಳಿಸುತ್ತದೆ. ಈ ಸುದ್ದಿ ಸಾಗಿಸುವುದಕ್ಕೆ ನಾವು ನೆಚ್ಚಿಕೊಂಡಿರುವುದು C ಭಾಷೆಯಲ್ಲಿ ಬರೆದ ಒಂದು ನೆಟ್‌ವರ್ಕ್ ಲೈಬ್ರರಿಯನ್ನು. ಲೈಬ್ರರಿ ಅಂದರೆ ಸಿದ್ಧ ಕೋಡಿನ ಕಟ್ಟು. ಓಪನ್ ಸೋರ್ಸ್, ಯಾರೋ ಪುಣ್ಯಾತ್ಮರು ಎಲ್ಲೆಲ್ಲೋ ಕೂತು ಬರೆದು, ಬೇಕಾದವರು ತೆಗೆದುಕೊಳ್ಳಿ ಅಂತ ಬಿಟ್ಟುಕೊಟ್ಟದ್ದು. ಆದರೆ ಆ ಪುಣ್ಯಾತ್ಮರೆಲ್ಲ ಲಿನಕ್ಸ್ ಬಳಸುವವರು. ಅವರ ಕಂಪ್ಯೂಟರಿನಲ್ಲಿ ಎರಡು ಸಾಲು ಆಜ್ಞೆ ಕೊಟ್ಟರೆ ಕೋಡೆಲ್ಲ ಸೇರಿ ಓಡುವ ಪ್ರೋಗ್ರಾಮಾಗುತ್ತದೆ. ನಮ್ಮ ಶೆಡ್ಡುಗಳಲ್ಲಿರುವುದೋ ವಿಂಡೋಸ್, ಅದೂ ಅಜ್ಜನ ಕಾಲದ್ದು. ಅದಕ್ಕೆ ಸರಿಹೊಂದುವಂತೆ ಆ ಲೈಬ್ರರಿಯನ್ನು ಬಿಲ್ಡ್ ಮಾಡುವುದೊಂದು ದೊಡ್ಡ ರಾಮಾಯಣ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಹಳೆಯದೇ ಬೇಕು, ಲೈಬ್ರರಿಯ ಕೋಡನ್ನು ಅಲ್ಲಲ್ಲಿ ತಿದ್ದಬೇಕು, ಒಂದು ಹೆಚ್ಚಾದರೆ ಒಂದು ಕಮ್ಮಿ. ಇಡೀ ಕಂಪನಿಯಲ್ಲಿ ಅದು ಆಗುತ್ತಿದ್ದದ್ದು ಒಂದೇ ಕಂಪ್ಯೂಟರಿನಲ್ಲಿ, ಒಬ್ಬರ ಕೈಯಲ್ಲಿ. ಆ ಒಬ್ಬರು ಇವರು.

ನಾನು ದಾವಣಗೆರೆಯವಳು. ಗಂಡನಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು ಅಂತ ಬಂದು, ಮನೆಯಲ್ಲಿ ಕೂತು ಬೇಜಾರಾಗಿ, ಈ ಕಂಪನಿ ಸೇರಿದೆ. ಮೊದಲ ದಿನ ಇವರು ಕೂರುವ ಹಿಂದಿನ ಕೋಣೆಗೆ ಕಳಿಸಿದರು. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಿ ಮುಗಿಸುವುದನ್ನೇ ಕಾಯುತ್ತಿದ್ದವರು, "ಕನ್ನಡಾವಾ?" ಅಂದರು.

"ಹೌದು ಸರ್, ದಾವಣಗೆರೆ."

"ಸಾರೆಲ್ಲ ಮೊದಲಾಳಿಗೆ. ನನ್ನ ಅಣ್ಣ ಅನ್ನು ಅಮ್ಮಣಿ. ನಮ್ ಮನೇಲೂ ಎಲ್ರೂ ಕನ್ನಡಾನೇ ಪೇಸೋದು. ಆನಾ ಓದೋಕೆ ಬರಿಯೋಕೆ ಬರ್ದು."

ಮೊದಲಾಳಿ ಅಂದರೆ ಕಂಪನಿಯ ಯಜಮಾನರು; ಅಮ್ಮಣಿ ಅಂದರೆ ಆ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ಮಾತಿಗೊಂದು ತಮಿಳು ಪದ ಸೇರಿಸಿ, ಕೊನೆಯನ್ನು ಎಳೆದು ಆಡುವ ಅವರ ಕನ್ನಡ ಕೇಳಿ ಮೊದಲ ವಾರ ನನಗೆ ಒಳಗೊಳಗೇ ನಗು. ಎರಡನೆಯ ವಾರದಿಂದ ಆ ಊರಿನಲ್ಲಿ ನನಗೆ ಕೇಳಬೇಕು ಅನ್ನಿಸುತ್ತಿದ್ದ ದನಿ ಅದೊಂದೇ.

ನೇಕಾರರ ಮನೆತನ ಅವರದು. ಎಷ್ಟು ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಬಂದರೋ ಅವರಿಗೇ ಗೊತ್ತಿಲ್ಲ. ಅಪ್ಪ ಗುಂಡಿಮಗ್ಗದಲ್ಲಿ ನೇಯುತ್ತಿದ್ದವರು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಬೆಳಗ್ಗೆ ಕೂತರೆ, ಎದ್ದು ಬಂದಾಗ ನಡೆಯುವುದನ್ನು ಮರೆತವರ ಹಾಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರಂತೆ. "ಆ ಗುಂಡೀಲಿ ನಾನು ಇಳಿಯಕೂಡದು ಅಂತ ಓದಿದೆ ಅಮ್ಮಣಿ," ಅನ್ನುತ್ತಿದ್ದರು. ಅನ್ನುತ್ತಾ ತಮ್ಮ ಮೇಜಿನ ಕೆಳಗೆ ಕಾಲಿನತ್ತ ನೋಡಿಕೊಳ್ಳುತ್ತಿದ್ದರು. ದಿನವಿಡೀ ಕೂತು ಕೂತು ಪಾದಗಳು ಊದಿ ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಬಿದ್ದಿರುತ್ತಿತ್ತು. ಹೇಳುವುದೇನು, ನನಗೇ ಕಾಣುತ್ತಿತ್ತು.

ಆ ಕೋಣೆಗೊಂದು ಕಿಟಕಿಯೇನೋ ಇತ್ತು. ಏಸಿಯ ತಂಪು ಹೋಗುತ್ತದೆ ಅಂತ ಮೊಳೆ ಹೊಡೆದು ಮುಚ್ಚಿ, ಗಾಜಿಗೆಲ್ಲ ಕಪ್ಪು ಹಾಳೆ ಅಂಟಿಸಿದ್ದರು. ಇವರು ಆ ಹಾಳೆಯನ್ನು ಉಗುರಿನಿಂದ ಕೆರೆದು ಕೆರೆದು ಒಂದು ರೂಪಾಯಿಯಷ್ಟಗಲ ತೂತು ಮಾಡಿದ್ದರು. ಬಿಲ್ಡ್ ಓಡುವಾಗ ಎದ್ದು ಹೋಗಿ ಅದಕ್ಕೆ ಕಣ್ಣು ಇಟ್ಟು ನಿಲ್ಲುವುದು. "ಅನ್ನೂರ್ ಬಸ್ಸು ಹೋಯ್ತು," ಅನ್ನುವುದು. ಇನ್ನೊಂದು ಸಲ "ಎಳನೀರು ವಂಡಿ ಬಂದೈತೆ." ಜಗತ್ತಿನ ಸಮಾಚಾರವೆಲ್ಲ ನಮಗೆ ಆ ತೂತಿನ ಮೂಲಕವೇ ಬರಬೇಕು. ನಾನು ತಮಾಷೆಗೆ, "ಅಣ್ಣಾ, ಟಿಕೆಟ್ ಇಡಿ, ನಾಲ್ಕು ಕಾಸಾದರೂ ಆಗುತ್ತೆ," ಅಂದರೆ ನಗುತ್ತಿದ್ದರು. ಕಣ್ಣು ಮಾತ್ರ ತೂತಿನಿಂದ ತೆಗೆಯುತ್ತಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ: ಶೆಡ್ಡುಗಳಿಗೆ ಹೋಗಿ ಡಬ್ಬಿ ಕೂರಿಸುವ ಕೆಲಸ. ಪಲ್ಲಡಂ, ಸೋಮನೂರು, ಅವಿನಾಶಿ ಅಂತ ಬಸ್ಸಿನಲ್ಲಿ, ಬೈಕಿನಲ್ಲಿ ಸುತ್ತುವ ಕೆಲಸ. ನಮ್ಮಲ್ಲಿ ಯಾರಿಗೂ ಬೇಡವಾದದ್ದು ಅದು. ಬಿಸಿಲು, ಹತ್ತಿಯ ಧೂಳು, ಕಿವಿ ಹರಿಯುವ ಸದ್ದು. ಅದನ್ನೇ ಅವರು ಮೊದಲಾಳಿಯ ಮುಂದೆ ಬೇಡಿಕೊಳ್ಳುತ್ತಿದ್ದರು. ಮೊದಲಾಳಿ ಕೆಟ್ಟವರಲ್ಲ. ಪ್ರತಿ ಸಲವೂ ತಮಿಳಿನಲ್ಲಿ ಅದೇ ಉತ್ತರ: ನೀನು ಹೋದರೆ ಬಿಲ್ಡ್ ಯಾರು ಮಾಡುತ್ತಾರೆ? ಮೊದಲು ಇನ್ನೊಬ್ಬರನ್ನು ತಯಾರು ಮಾಡು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗು.

ತಯಾರು ಮಾಡುವುದಕ್ಕೇ ನನ್ನನ್ನು ತಂದು ಅವರ ಪಕ್ಕದಲ್ಲಿ ಕೂರಿಸಿದ್ದು. ನನಗಿಂತ ಮೊದಲು ಇನ್ನಿಬ್ಬರನ್ನು ಕೂರಿಸಿದ್ದರಂತೆ. ಒಬ್ಬ ಚೆನ್ನೈಗೆ ಹೋದ, ಒಬ್ಬಳು ಮದುವೆಯಾಗಿ ಈರೋಡಿಗೆ ಹೋದಳು. ಇಬ್ಬರೂ ಹೋಗುವಾಗ ಬಿಲ್ಡಿನ ಬಗ್ಗೆ ಬಂದಾಗ ತಿಳಿದಿದ್ದಷ್ಟೇ ತಿಳಿದುಕೊಂಡು ಹೋದರು. ಯಾಕೆ ಅನ್ನುವುದು ನನಗೆ ಬೇಗ ಗೊತ್ತಾಯಿತು.

ಅವರು ಹೇಳಿಕೊಡುವುದೇನೋ ಸೊಗಸಾಗಿ ಹೇಳಿಕೊಡುತ್ತಿದ್ದರು. ಪರದೆಯ ತುಂಬ ತಪ್ಪುಗಳು ಸುರಿದಾಗ ನಾನು ಗಾಬರಿಯಿಂದ ಕೆಳಗೆ ಕೆಳಗೆ ಓದುತ್ತಾ ಹೋದರೆ, "ಮೊದಲ್ನೇ ತಪ್ಪು ಮಾತ್ರ ನೋಡು ಅಮ್ಮಣಿ. ಕೆಳಗಿರೋದೆಲ್ಲಾ ಅದರ ಮಕ್ಕಳು," ಅನ್ನುವುದು. ವಿಂಡೋಸಿನಲ್ಲಿ ಕೋಡಿನ ಆರಂಭದಲ್ಲೇ ಸೇರಿಸಬೇಕಾದ ಎರಡು ಹೆಡರ್ ಫೈಲುಗಳಿವೆ. ನೆಟ್‌ವರ್ಕಿನದನ್ನು ಮೊದಲು ಸೇರಿಸಿ, ವಿಂಡೋಸಿನದನ್ನು ಆಮೇಲೆ ಸೇರಿಸಬೇಕು. ಹಿಂದುಮುಂದಾದರೆ ಎರಡೂ ಒಂದೇ ಮಾತನ್ನು ಎರಡೆರಡು ಸಲ ಹೇಳಿ ಜಗಳ ಶುರು. "ಅಕ್ಕ ಇರೋವಾಗ ತಂಗೀಗೆ ಮದುವೆ ಮಾಡಿದ್ರೆ ಮನೇಲಿ ಸುಮ್ನೆ ಇರ್ತಾರಾ? ಅಂಗೇ ಇದು." ಓದುವಾಗ ಬಲಗೈಯ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು, ನೂಲಿನ ಎಳೆ ಪರೀಕ್ಷಿಸುವವರ ಹಾಗೆ. ಕೈಗಳಿಗೆ ಒಂದು ಗಳಿಗೆ ಬಿಡುವಿರಲಿಲ್ಲ.

ತೊಂದರೆ ಎಲ್ಲಿ ಅಂದರೆ, ನಾನು ಕೀಬೋರ್ಡಿಗೆ ಕೈ ಇಟ್ಟ ಕೂಡಲೇ "ಇರು ಇರು, ನಾನ್ ಮಾಡ್ತೀನಿ, ನೀ ನೋಡ್ಕೋ" ಅಂತ ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಾನು ನೋಡಿದೆ. ತಿಂಗಳುಗಟ್ಟಲೆ ನೋಡಿದೆ. ನೋಡಿ ನೋಡಿ ಈಜು ಕಲಿತವರು ಯಾರಾದರೂ ಇದ್ದಾರೆಯೇ? ಒಂದು ದಿನ ಅವರು ಊಟಕ್ಕೆ ಹೋದಾಗ ರೇಗಿ ನಾನೇ ಕೂತು ಒಂದು ಫೈಲು ತಿದ್ದಿದೆ. ಬಂದು ನೋಡಿದವರು ಬೈಯಲಿಲ್ಲ. ನಾನು ಸೇರಿಸಿದ್ದನ್ನು ಮೆಲ್ಲಗೆ ತೆಗೆದರು. ಆಮೇಲೆ ಒಂದು ಸೀರೆಯ ಕತೆ ಹೇಳಿದರು.

ಒಬ್ಬರು ಮಗ್ಗಕ್ಕೆ ಕೂತು ಶುರುಮಾಡಿದ ಸೀರೆಯನ್ನು ಅವರ ಮನೆಯಲ್ಲಿ ನಡುವೆ ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲವಂತೆ. ಅಡ್ಡ ನೂಲನ್ನು ಬಡಿದು ಕೂರಿಸುವ ಒಬ್ಬೊಬ್ಬರ ಕೈಯ ಬಡಿತ ಒಂದೊಂದು ಥರ. ಕೈ ಬದಲಾದರೆ ಬಟ್ಟೆಯಲ್ಲಿ ಅಡ್ಡಕ್ಕೆ ಒಂದು ಗೆರೆ ಬೀಳುತ್ತದೆ. ಒಮ್ಮೆ ಅಪ್ಪನಿಗೆ ಜ್ವರ ಬಂದು ಚಿಕ್ಕಪ್ಪ ಉಳಿದದ್ದನ್ನು ನೇಯ್ದು ಮುಗಿಸಿದ್ದರು. ವ್ಯಾಪಾರಿ ಸೀರೆಯನ್ನು ನೆಲದ ಮೇಲೆ ಹಾಸಿ, ಬೆರಳು ಎಳೆಯುತ್ತಾ ಬಂದು, ಕೈ ಬದಲಾದ ಜಾಗದಲ್ಲಿ ನಿಲ್ಲಿಸಿದರಂತೆ. ಮಡಿಸಿ ವಾಪಸ್ಸು ಕೊಟ್ಟರಂತೆ.

"ಆ ಸೀರೆ ಅಮ್ಮಾನೇ ಉಟ್ಟಳು ಅಮ್ಮಣಿ. ಗೆರೆ ಸರಿಯಾ ಮೊಣಕಾಲ್ ಹತ್ರ ಬರ್ತಿತ್ತು. ನಾನು ಸಣ್ಣವನು, ನನ್ ಕಣ್ಣು ಅಷ್ಟೇ ಎತ್ತರ. ಅದನ್ನೇ ನೋಡ್ಕೊಂಡು ಬೆಳೆದೆ."

ಬಿಲ್ಡನ್ನು ಅವರು ಸೀರೆ ಅಂದುಕೊಂಡಿದ್ದರು. ಅವರೇ ಶುರುಮಾಡಿದ್ದು, ಅವರ ಬಡಿತ. ನಡುವೆ ಇನ್ನೊಂದು ಕೈ ಸೇರಿಸುವುದು ಅವರ ರಕ್ತಕ್ಕೇ ಒಗ್ಗುತ್ತಿರಲಿಲ್ಲ. ಆದರೆ ಸೀರೆಗೊಂದು ಸೆರಗು ಬಂದು ಮುಗಿಯುತ್ತದೆ, ಮಗ್ಗದಿಂದ ಕತ್ತರಿಸಿ ಎತ್ತುತ್ತಾರೆ. ಬಿಲ್ಡಿಗೆ ಸೆರಗೆಲ್ಲಿದೆ? ಲೈಬ್ರರಿಯ ಹೊಸ ಆವೃತ್ತಿ ಬರುತ್ತಲೇ ಇರುತ್ತದೆ, ಶೆಡ್ಡಿನ ವಿಂಡೋಸ್ ಹಳೆಯದಾಗುತ್ತಲೇ ಇರುತ್ತದೆ. ಆಚೆ ಹೋಗಲು ಬೇಕಾದ ಬಾಗಿಲನ್ನು ದಿನವೂ ತಾವೇ ಚಿಲಕ ಹಾಕಿಕೊಂಡು, ತೂತಿಗೆ ಕಣ್ಣಿಟ್ಟು ನಿಲ್ಲುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಕೇಳುತ್ತಿರಲಿಲ್ಲ.

ತಮಗೋಸ್ಕರ ಬರೆದುಕೊಳ್ಳುತ್ತಿದ್ದ ಟಿಪ್ಪಣಿಗಳ ಮಜವೇ ಬೇರೆ. ಕನ್ನಡದಲ್ಲೇ ಯೋಚಿಸಿ ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದರು. ಒಮ್ಮೆ ಮೊದಲಾಳಿ ಒಂದು ಫೈಲು ತೆರೆದು ಗಟ್ಟಿಯಾಗಿ ಓದಿದರು. ಅಕ್ಷರ ಬಂತು, ಅರ್ಥ ಬರಲಿಲ್ಲ. ನನಗೆ ಆ ಅಕ್ಷರ ಬರುವುದಿಲ್ಲ, ಕಿವಿಗೆ ಬಿದ್ದದ್ದು ಮಾತ್ರ ಶುದ್ಧ ಕನ್ನಡ: "ಇಲ್ಲಿ ಕೈ ಹಾಕಬೇಡ. ಹಾಕಿದರೆ ಮನೆಗೆ ಹೋಗಲ್ಲ." ನಾನು ಬಿದ್ದು ಬಿದ್ದು ನಕ್ಕೆ. ಮೊದಲಾಳಿ ಏನು ಏನು ಅಂತ ಕೇಳುತ್ತಿದ್ದರು. ಇವರು ಕಿವಿಯವರೆಗೆ ಕೆಂಪಾಗಿ, ಏನೂ ಇಲ್ಲ ಅನ್ನುವಂತೆ, "ಒಣ್ಣುಮಿಲ್ಲೆ ಸಾರ್," ಅಂದರು.

ಸಾಲದ್ದಕ್ಕೆ ಲೈಬ್ರರಿ ಬರೆದ ದೂರದ ಮಂದಿಗೂ ಸಿಕ್ಕಿಬಿದ್ದಿದ್ದರು. ವಿಂಡೋಸಿನಲ್ಲಿ ಹೀಗೆ ತೊಂದರೆಯಾಗುತ್ತಿದೆ ಅಂತ ಇವರು ಒಮ್ಮೆ ವಿನಯದಿಂದ ತಿಳಿಸಿದ್ದಕ್ಕೆ, ನಮ್ಮ ಹತ್ತಿರ ವಿಂಡೋಸ್ ಇಲ್ಲ, ನೀವೇ ಪರೀಕ್ಷೆ ಮಾಡಿ ಹೇಳುತ್ತೀರಾ ಅಂತ ಉತ್ತರ ಬಂತು. ಇವರಿಗೆ ಇಲ್ಲ ಅನ್ನಲು ಬಾರದು. ಅಂದಿನಿಂದ ವಿಂಡೋಸಿನ ತಕರಾರೆಲ್ಲ ಇವರ ತಲೆಗೆ. "ಲೋಕದಲ್ಲಿ ಯಾರ ಮನೇಲೂ ವಿಂಡೋಸ್ ಇಲ್ವಂತೆ ಅಮ್ಮಣಿ, ನಮ್ ಮನೇಲಿ ಮಾತ್ರ," ಅಂತ ಕೈ ಚೆಲ್ಲಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಉರಿಯುತ್ತಿತ್ತು.

ಹೀಗೇ ನಡೆದಿರುತ್ತಿತ್ತು, ಆಯುಧಪೂಜೆ ಬರದಿದ್ದರೆ. ಗಣಪತಿಯಲ್ಲಿ ಆ ಹಬ್ಬ ಅಂದರೆ ಸಾಮಾನ್ಯವಲ್ಲ. ಇಡೀ ಬೀದಿಯ ಯಂತ್ರಗಳು ಬಾಯಿ ಮುಚ್ಚುತ್ತವೆ. ಲೇತ್ ಮಷೀನಿಗೆ ಹೊಸ ಎಣ್ಣೆ, ಗೋಡೆಗೆ ಸುಣ್ಣ, ಬಾಗಿಲಿಗೆ ಬಾಳೆಕಂಬ, ಎಲ್ಲದಕ್ಕೂ ಗಂಧ ಕುಂಕುಮ. ಪೂಜೆಗೆ ಕೂರುವ ಆಯುಧ ಹೊಸದರಂತಿರಬೇಕು ಅನ್ನುವುದು ಮೊದಲಾಳಿಯ ಹಟ. ಆ ಸಲ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ, ಎಲ್ಲವನ್ನೂ ಶುದ್ಧ ಮಾಡು ಅಂದರು. ಅವನು ನಿಷ್ಠೆಯಿಂದ ಧೂಳು ಊದಿ, ಆಮೇಲೆ ಒಳಗಿನ ಕಸವೂ ಹೋಗಲಿ ಅಂತ ಎಲ್ಲ ಕಂಪ್ಯೂಟರುಗಳಿಗೂ ಹೊಸ ವಿಂಡೋಸ್ ಹಾಕಿ, ಒಂದೊಂದಕ್ಕೂ ಕುಂಕುಮ ಇಟ್ಟು ಹೋದ. ಇವರು ಅವತ್ತು ರಜೆ; ಮನೆಯಲ್ಲಿ ಅಪ್ಪನ ಮಗ್ಗಕ್ಕೆ ಪೂಜೆ. ನಾನೂ ಬಂದಿರಲಿಲ್ಲ, ತಡೆಯುವವರು ಯಾರೂ ಇರಲಿಲ್ಲ.

ಹಬ್ಬ ಮುಗಿದು ಆಫೀಸು ತೆರೆದಾಗ ಬಿಲ್ಡಿನ ಕಂಪ್ಯೂಟರು ಮದುಮಗನ ಹಾಗೆ ಕೂತಿತ್ತು. ಒಳಗೆ ಏನೂ ಇಲ್ಲ. ನಮ್ಮ ಸ್ವಂತ ಕೋಡು ಬೇರೆ ಕಡೆ ಭದ್ರವಾಗಿತ್ತು. ಹೋದದ್ದು ಹಳೆಯ ಕಂಪೈಲರು, ಅದರ ಏರ್ಪಾಡು, ಲೈಬ್ರರಿಯಲ್ಲಿ ಅವರು ವರ್ಷಗಳಿಂದ ಮಾಡಿಕೊಂಡು ಬಂದ ತಿದ್ದುಪಡಿಗಳು, ಬಿಲ್ಡ್ ಮಾಡಿಟ್ಟಿದ್ದ ಪ್ರೋಗ್ರಾಮುಗಳು. ಅದೇ ಬೆಳಗ್ಗೆ ಪಲ್ಲಡಂನ ಒಂದು ಶೆಡ್ಡಿನಿಂದ ಫೋನು: ಹಬ್ಬದ ನಂತರ ಪ್ರೋಗ್ರಾಮು ಏಳುತ್ತಿಲ್ಲ, ಮಗ್ಗಗಳು ಓಡುತ್ತಿವೆ, ಲೆಕ್ಕ ಬರುತ್ತಿಲ್ಲ, ಸಾಯಂಕಾಲದೊಳಗೆ ಹೊಸದು ಕಳಿಸಿ. ಮೊದಲಾಳಿ ತಲೆ ಹಿಡಿದುಕೊಂಡರು. ಇವರು ಬಂದು ನೋಡಿದರು. ಅತ್ತುಬಿಡುತ್ತಾರೇನೋ ಅಂತ ನನಗೆ ಭಯ. ನಾನು ಎದ್ದು ಅವರ ಕುರ್ಚಿ ಬಿಟ್ಟುಕೊಟ್ಟೆ.

ಅವರು ಕೂರಲಿಲ್ಲ. ಬೀರುವಿನಿಂದ ಕಂಪೈಲರಿನ ಹಳೆಯ ಡಿಸ್ಕು ತೆಗೆದು ನನ್ನ ಮುಂದಿಟ್ಟರು. ಮೂಲೆಯಲ್ಲಿದ್ದ, ಪ್ಲಾಸ್ಟಿಕ್ ವಯರು ಹೆಣೆದ ಕಬ್ಬಿಣದ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನೀ ಅಲ್ಲಿ ಕೂರು."

"ನಾನಾ? ಅಣ್ಣಾ, ಸಾಯಂಕಾಲದೊಳಗೆ ಬೇಕಂತ್ರೀ. ನನಗೆ ಬರಂಗಿಲ್ಲ."

"ಹಳೇ ಸೀರೆ ಕತ್ರಿಸಿ ಆಯ್ತು ಅಮ್ಮಣಿ. ಇದು ಹೊಸ ಪಾವು. ಇನ್ನ ನಿನ್ ಕೈ."

ಪಾವು ಅಂದರೆ ಹಾಸು, ಮಗ್ಗಕ್ಕೆ ಏರಿಸುವ ಉದ್ದನೆಯ ನೂಲು. ಅಷ್ಟು ಹೇಳಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಕೂತುಬಿಟ್ಟರು.

ಆ ದಿನ ನನ್ನ ಆಯುಷ್ಯದಲ್ಲಿ ಒಂದಷ್ಟು ಕಮ್ಮಿಯಾಗಿರಬೇಕು. ಎಷ್ಟೋ ಸಲ ಕೇಳಿ ಗೊತ್ತಿದ್ದರೂ ಅಕ್ಕ ತಂಗಿಯರ ಸರದಿಯನ್ನೇ ಹಿಂದುಮುಂದು ಮಾಡಿದೆ. ಪರದೆ ತುಂಬ ತಪ್ಪುಗಳು. ತಿರುಗಿ ಅವರ ಮುಖ ನೋಡಿದೆ; ಅವರು ಕಿಟಕಿಯ ತೂತು ನೋಡುತ್ತಿದ್ದರು. ಕುರ್ಚಿ ಕಿರ್ ಕಿರ್ ಅನ್ನುತ್ತಿತ್ತು, ಒಳಗೆ ಬೆರಳುಗಳು ಒದ್ದಾಡುತ್ತಿದ್ದವು. ಮೊದಲನೆಯ ತಪ್ಪು ಮಾತ್ರ ನೋಡು ಅಂತ ನನಗೆ ನಾನೇ ಹೇಳಿಕೊಂಡು ಸರಿಮಾಡಿದೆ. ಆಮೇಲೆ ಕೋಡೆಲ್ಲ ಸರಿ, ಕೊನೆಗೆ ಜೋಡಿಸುವಾಗ ಕೆಲವು ಹೆಸರುಗಳು ಸಿಗುತ್ತಿಲ್ಲ ಅಂತ ತಕರಾರು. ವಿಂಡೋಸಿನ ನೆಟ್‌ವರ್ಕ್ ಭಾಗವನ್ನು ಸೇರಿಸುವುದನ್ನೇ ಮರೆತಿದ್ದೆ. ಅದನ್ನು ಕಂಡುಹಿಡಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. "ಅಣ್ಣಾ, ಒಂದ್ ಮಾತು ಹೇಳ್ರೀ," ಅಂತ ಗೋಗರೆದೆ. ಅವರು ತುಟಿ ಕಚ್ಚಿಕೊಂಡರು.

ಕೊನೆಗೂ ಬಿಲ್ಡ್ ಆಯಿತು. ರಿಪೇರಿಯವನ ಕೈಗೆ ಸಿಗದೆ ಉಳಿದಿದ್ದ, ಪರೀಕ್ಷೆಗೆ ಇಟ್ಟ ಹಳೆಯ ಕಂಪ್ಯೂಟರಿನಲ್ಲಿ ಹಾಕಿದರೆ, ಇದು ನನ್ನ ಜಾತಿಯದಲ್ಲ ಅಂತ ಬಾಗಿಲಲ್ಲೇ ತಳ್ಳಿಬಿಟ್ಟಿತು. ಮೊದಲಾಳಿಗೆ ಅಷ್ಟೇ ಸಾಕಾಯಿತು. ಒಳಗೆ ನುಗ್ಗಿ, "ನೀ ಪಣ್ಣುಯ್ಯಾ! ಎನ್ನ ವೇಡಿಕ್ಕೆ ಪಾಕ್ಕರೆ?" ಅಂತ ಕೂಗಾಡಿದರು. ನೀನು ಮಾಡು, ಏನು ತಮಾಷೆ ನೋಡುತ್ತಿದ್ದೀಯಾ ಅಂತ. ಆಮೇಲೆ, ಕೆಲಸ ಬೇಕೋ ಬೇಡವೋ ಅಂತಲೂ ಕೇಳಿದರು. ಇವರು ಕೂತಲ್ಲಿಂದಲೇ, ಎದ್ದೇಳದೆ, ತಮಿಳಿನಲ್ಲಿ ಮೆಲ್ಲಗೆ ಹೇಳಿದರು: ಪಾವು ಅವಳದು ಸಾರ್, ನಾನು ಮುಟ್ಟಕೂಡದು. ಮೊದಲಾಳಿಯೂ ನೇಕಾರರ ಊರಿನವರೇ. ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಏಸಿಯ ತಂಪಿನಲ್ಲೂ ಇವರ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತ್ತು. ಒರೆಸಿಕೊಳ್ಳಲು ಕೂಡ ಕೈ ತೆಗೆಯಲಿಲ್ಲ.

ನನಗೆ ಆಗ ಅರ್ಥವಾಯಿತು. ಇದು ಪಲ್ಲಡಂನ ಶೆಡ್ಡಿನ ವಿಷಯವಲ್ಲ. ಈ ಮನುಷ್ಯನ ಕೈ ಒಂದು ಸಲ ಕೀಬೋರ್ಡಿಗೆ ಬಂದರೆ ಈ ಸೀರೆಯೂ ಅವರದೇ ಆಗುತ್ತದೆ, ಅವರು ಮತ್ತೆ ಈ ಕೋಣೆಯಿಂದ ಏಳುವುದಿಲ್ಲ. ಕಣ್ಣೊರೆಸಿಕೊಂಡು ಕೂತೆ. ಹಳೆಯ ಕಂಪ್ಯೂಟರು ಮೂವತ್ತೆರಡು ಬಿಟ್ಟಿನದು, ನಾನು ಕಟ್ಟಿದ್ದು ಅರವತ್ತನಾಲ್ಕಕ್ಕೆ. ಎಲ್ಲ ಅಳಿಸಿ ಮೊದಲಿನಿಂದ ಮಾಡಿದೆ. ಇಳಿಹೊತ್ತಿನಲ್ಲಿ ಮೇಜಿನ ಮೇಲಿನ ಡಬ್ಬಿಯ ಹಸಿರು ದೀಪ ಮಿಣುಕಿತು. ಪರದೆಯ ಮೇಲೆ ಮಗ್ಗದ ಲೆಕ್ಕ ಒಂದೊಂದಾಗಿ ಏರತೊಡಗಿತು.

"ಅಪ್ಪಾ," ಅಂದರು. ಕೈಗಳನ್ನು ಹೊರಗೆ ತೆಗೆದರು. ಬೆರಳುಗಳು ಬಿಳುಚಿಕೊಂಡಿದ್ದವು. ಎರಡೂ ಕೈಗಳ ಮೇಲೆ ಕುರ್ಚಿಯ ವಯರಿನ ಹೆಣಿಗೆ, ಉದ್ದಕ್ಕೂ ಅಡ್ಡಕ್ಕೂ, ಕೆಂಪಗೆ ಅಚ್ಚೊತ್ತಿತ್ತು. ಅವರು ಪರದೆಯನ್ನು ನೋಡಿ, "ಚೆನ್ನಾಗೈತೆ. ನನ್ ಸೀರೆ ತರ ಇಲ್ಲ," ಅಂದರು. ಮತ್ತೆ, "ಇರಕೂಡದು," ಅಂದರು.

ಮುಂದಿನ ವಾರದಿಂದ ಅವರು ಶೆಡ್ಡುಗಳಿಗೆ ಹೋದರು. ಅಲ್ಲಿಂದ ಫೋನು ಮಾಡುತ್ತಿದ್ದರು. ಮಗ್ಗಗಳ ಗದ್ದಲದಲ್ಲಿ ಅವರ ಮಾತು ನನಗೆ ಕೇಳಿಸದು, ನನ್ನದು ಅವರಿಗೆ ಕೇಳಿಸದು. ಆದರೂ ಮಾಡುತ್ತಿದ್ದರು, ಫೋನನ್ನು ಮಗ್ಗದ ಕಡೆಗೆ ಹಿಡಿಯುತ್ತಿದ್ದರು. ಎಲ್ಲ ಓಡುತ್ತಿದೆ ಅಂತ ನಾನು ತಿಳಿದುಕೊಳ್ಳಬೇಕು. ಕೆಲವು ವರ್ಷ ಹೀಗೆ ಸುತ್ತಿದರು. ಹೋದ ತಿಂಗಳು ಒಂದು ದಿನ ಬೆಳಗ್ಗೆ ಎದೆ ಹಿಡಿದುಕೊಂಡವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಮುಗಿದುಹೋಯಿತಂತೆ.

ಶಾಮಿಯಾನದ ಕೆಳಗೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನೀನಾ ಆ ಅಮ್ಮಣಿ? ಮನೆಗ್ ಬಂದ್ರೆ ಕಾಲೆಲ್ಲಾ ಧೂಳು. ತೊಳೆಯೋಕ್ ಮುಂಚೆ ನಂಗೆ ತೋರ್ಸೋರು. ಎಷ್ಟ್ ನಡ್ದಿದ್ದೀನಿ ನೋಡು ಅಂತ. ಗುಂಡಿಯಿಂದ ನನ್ನ ಎಬ್ಬಿಸಿದ್ದು ಆ ಅಮ್ಮಣೀನೇ ಅನ್ನೋರು." ನಾನು ಎಬ್ಬಿಸಲಿಲ್ಲ ಅತ್ತಿಗೆ, ಅವರೇ ಎದ್ದರು ಅಂತ ಹೇಳಬೇಕೆಂದುಕೊಂಡೆ. ಅವರ ಕೈ ಬಿಡದೆ ಅಲ್ಲೇ ಕೂತೆ.

ಈಗ ಆ ಕೋಣೆಯಲ್ಲಿ ಕೂತಿರುವವಳು ನಾನು. ಕಿಟಕಿಯ ತೂತು ನನ್ನ ಉಗುರಿಗೂ ಸಿಕ್ಕಿ ಇನ್ನಷ್ಟು ಅಗಲವಾಗಿದೆ. ನನ್ನನ್ನೂ ಬೇರೆ ಕೆಲಸಕ್ಕೆ ಹಾಕಿ ಅಂತ ಮೊದಲಾಳಿಯನ್ನು ಕೇಳಿದ್ದೇನೆ. ಇನ್ನೊಬ್ಬರನ್ನು ತಯಾರು ಮಾಡು ಅಂತ ತಿರುಪ್ಪೂರಿನ ಒಬ್ಬಳನ್ನು ತಂದು ಪಕ್ಕದಲ್ಲಿ ಕೂರಿಸಿದ್ದಾರೆ. ಚುರುಕು ಹುಡುಗಿ.

ಅನ್ನೂರಿನಿಂದ ಬಂದ ಮರುದಿನ ಅವಳನ್ನು ನನ್ನ ಜಾಗದಲ್ಲಿ ಕೂರಿಸಿ, ಅದೇ ವಯರಿನ ಕುರ್ಚಿ ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಇವತ್ತು ಮುಟ್ಟುವುದಿಲ್ಲ ಅಂತ ಅವರ ಮೇಲೆ ಆಣೆ ಮಾಡಿದ್ದೆ. ಅವಳು ಹೆಡರುಗಳನ್ನು ಹಿಂದುಮುಂದು ಸೇರಿಸಿದಳು. ಪರದೆ ತುಂಬ ತಪ್ಪುಗಳು ಸುರಿದವು. ಅವಳು ಗಾಬರಿಯಿಂದ ಕೆಳಗೆ ಕೆಳಗೆ ಓದುತ್ತಾ ಹೋದಳು. ವಯರು ಕೈಗೆ ಒತ್ತುತ್ತಿತ್ತು. ನಾನು ಕಿಟಕಿಯ ಕಡೆ ನೋಡಿದೆ. ಒಂದು ಬಸ್ಸು ಹೋಯಿತು. ಅವಳು ಇನ್ನೂ ಕೆಳಗೆ ಹೋದಳು, ಏನೋ ಅಳಿಸಹೊರಟಳು.

"ಇರು ಇರು," ಅಂದೆ, "ನಾನು ಮಾಡ್ತೀನಿ, ನೀನು ನೋಡ್ಕೋ." ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಅವಳಿಗೆ ಮಾತು ತಿಳಿಯಲಿಲ್ಲ, ಕೈ ಬಂದದ್ದು ತಿಳಿಯಿತು. ಸರಿದು ಜಾಗ ಬಿಟ್ಟಳು.

ಬಿಲ್ಡ್ ಆಯಿತು. "ಥ್ಯಾಂಕ್ಸ್ ಅಕ್ಕಾ," ಅಂದಳು. ನಾನು ಕೈಗಳನ್ನು ತಿರುಗಿಸಿ ನೋಡಿಕೊಂಡೆ. ಅಚ್ಚು ಬಿದ್ದಿರಲಿಲ್ಲ.